ಐದನೆಯ ಪುಡಿಕೆ

ಮಗನ ಹಣೆಯ ಗಾಯಕ್ಕೆ ಅರಿಸಿನ ಒತ್ತುವಾಗ ಅಂಬವ್ವನ ಬೆರಳು ತಡಕಾಡಲಿಲ್ಲ. ಕಣ್ಣಿಗೆ ಪೊರೆ ಬಂದು ಎರಡು ವರ್ಷ ಕಳೆದಿದ್ದರೂ ಮರಿಲಿಂಗಪ್ಪನ ಹುಬ್ಬು ಎಲ್ಲಿ ಮುಗಿಯುತ್ತದೆ, ಕಣ್ಣು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಆ ಬೆರಳುಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಾಯವು ಕಣ್ಣಿನಿಂದ ಒಂದು ಜೋಳದ ಕಾಳಿನಷ್ಟು ಮೇಲಿತ್ತು. ಅಷ್ಟೇ ಅಂತರ. ಅದನ್ನು ಎರಡು ಸಲ ಮುಟ್ಟಿ ನೋಡಿ ಆಕೆ ಕೈ ಒರೆಸಿಕೊಂಡಳು.

“ಹ್ಯಾಂಗಾತು ಹೇಳು,” ಎಂದಳು.

“ಹ್ಯಾಂಗಾಗೂದು ಯವ್ವಾ? ನಾಕು ಸಲ ತಮಂಚಾ ಕುರಿಮರಿ ಇದ್ದಂಗ ಇತ್ತು. ಐದನೇ ಸಲ ಹೋತಿನಂಗ ಹಾಯ್ತು.”

“ತೋಳ?”

“ತೋಳ ನಕ್ಕೋತ ಹೋತು. ಹೋಗೂವಾಗ ಮರಿ ಒಂದು ಒಯ್ತು.”

ತಮಂಚಾ ಎಂದರೆ ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಇದ್ದ ಮೊಳದುದ್ದದ ಕೈಬಂದೂಕು. ಬಾಯಿಂದ ಮದ್ದು ಸುರಿದು, ಗಜದ ಸರಳು ಹಾಕಿ ಒತ್ತಿ, ಮೇಲೆ ಸೀಸದ ಚೂರು ಇಳಿಸಿ ಹಾರಿಸುವಂಥದು. ಅದರ ನಳಿಗೆ ಒಮ್ಮೆ ಸಣ್ಣಗೆ ಬಿರಿದಿತ್ತು. ಅಂಬವ್ವನ ಗಂಡ ಈಶಪ್ಪ ಇದ್ದಾಗಲೇ ಅದಕ್ಕೊಂದು ಹಿತ್ತಾಳೆಯ ಪಟ್ಟಿ ಬಿಗಿಸಿದ್ದ. ಹೆಚ್ಚಿನ ಮದ್ದನ್ನು ಅದು ತಾಳುವುದಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿದ್ದ ಮಾತು. ಅದಕ್ಕೆಂದೇ ಈಶಪ್ಪ ಟಗರಿನ ಕೊಂಬಿನ ತುದಿ ಕೊಯ್ದು, ಒಳಗೆ ಕೊರೆದು, ಹೆಬ್ಬೆರಳಿನಷ್ಟು ಒಂದು ಅಳತೆ ಮಾಡಿಟ್ಟಿದ್ದ. ಕೊಂಬು ತುಂಬಿದರೆ ಒಂದು ಬಾರು. ಅದನ್ನು ಕಾಗದದಲ್ಲಿ ಪುಡಿಕೆ ಕಟ್ಟಿ ಇಟ್ಟುಕೊಂಡರೆ ಕತ್ತಲಲ್ಲಿ, ಗಾಳಿಯಲ್ಲಿ, ತೋಳ ಬಂದ ಗಡಿಬಿಡಿಯಲ್ಲಿ ಅಳೆಯುವ ಕೆಲಸವಿಲ್ಲ. ನಲವತ್ತು ವರ್ಷ ಆ ಪುಡಿಕೆ ಕಟ್ಟಿದವಳು ಅಂಬವ್ವ. ಒಂದು ಬಾರು ಹೆಚ್ಚಾಗಿರಲಿಲ್ಲ, ಒಂದು ಕಡಿಮೆಯಾಗಿರಲಿಲ್ಲ.

ಆಮೇಲೆ ರಜಾಕಾರರ ಗದ್ದಲ ಬಂತು. ಅದು ಮುಗಿದು ಹೊಸ ಸರಕಾರ ಬಂದ ಮೇಲೆ ಊರೂರಿನ ಬಂದೂಕುಗಳೆಲ್ಲ ಶಹಾಪುರದ ಠಾಣೆ ಸೇರಿದವು. ಕುರಿ ಕಾಯಲು ಬೇಕೆಂದು ಮರಿಲಿಂಗಪ್ಪ ಮೂರು ವರ್ಷ ಓಡಾಡಿದ. ಕೊನೆಗೆ ಈ ದೀಪಾವಳಿಯ ಹಿಂದುಮುಂದು ಪರವಾನಗಿ ಕೈಗೆ ಬಂತು. ಕಾಗದದ ಮೇಲಿನ ಉರ್ದು ಹಾಗೇ ಇತ್ತು, ಮೊಹರು ಮಾತ್ರ ಬೇರೆಯಾಗಿತ್ತು. ತಮಂಚಾ ಮನೆಗೆ ಬರುವಷ್ಟರಲ್ಲಿ ಅಂಬವ್ವನ ಕಣ್ಣು ಮಸುಕಾಗಿತ್ತು. ಮನೆಗೆ ಸೊಸೆ ಬಂದಿದ್ದಳು. ಯಾದಗಿರಿ ಕಡೆಯ ಹುಡುಗಿ, ರೇಣಮ್ಮ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅತ್ತೆ ಬಾಯಲ್ಲಿ ಹೇಳಿದಂತೆ ಆಕೆ ಇಪ್ಪತ್ತೈದು ಪುಡಿಕೆ ಕಟ್ಟಿದಳು, ಐದೈದಕ್ಕೊಂದು ದಾರ ಸುತ್ತಿ. ಮರಿಲಿಂಗಪ್ಪ ಮೊದಲ ಕಟ್ಟಿನ ಐದನ್ನು ಹಾರಿಸಿದ್ದ. ಉಳಿದ ಕಟ್ಟುಗಳ ದಾರವನ್ನೂ ಹರಿದು ಇಪ್ಪತ್ತನ್ನು ಚರ್ಮದ ಚೀಲಕ್ಕೆ ಸುರಿದುಕೊಂಡಿದ್ದ.

“ಹೊಸ ಅಂಗಡಿ ಮದ್ದು ಅದ. ಅದರದ ತಪ್ಪು,” ಎಂದ ಮರಿಲಿಂಗಪ್ಪ.

“ಮದ್ದು ಕೆಟ್ಟಿದ್ರ ಐದೂ ಒದೀಬೇಕಾಗಿತ್ತಲ್ಲೋ. ನಾಕು ಸುಮ್ಮನಿದ್ದು ಒಂದು ಯಾಕ ಒದೀತು?”

ಮರಿಲಿಂಗಪ್ಪ ಒಲೆಯ ಕಡೆ ಕೈ ತೋರಿಸಿದ. “ಹಂಗಾದ್ರ ಅಪ್ಪನ ಕೊಂಬು ಕೆಟ್ಟದ. ಮೂರು ವರ್ಷ ಒಲಿ ಮ್ಯಾಲ ಜೋತು ಬಿದ್ದಿತ್ತು. ಒಗದು ಬಿಡು ಅದನ್ನ.”

ಅಂಬವ್ವನಿಗೂ ಒಳಗೊಳಗೆ ಅದೇ ಭಯ. ಕೊಂಬನ್ನು ಒಲೆಯ ಮೇಲೆ ತೂಗುಹಾಕಿದವಳು ತಾನೇ. ಹೊಗೆಗೆ ಒಳಗೆಲ್ಲಾದರೂ ಸೀಳಿದ್ದರೆ ಮದ್ದು ಆ ಸೀಳಿನಲ್ಲಿ ಕಚ್ಚಿಕೊಂಡು ಕುಳಿತು, ಒಮ್ಮೆ ಕಡಿಮೆ ಬಿದ್ದು, ಇನ್ನೊಮ್ಮೆ ಅದೂ ಇದೂ ಕೂಡಿ ಹೆಚ್ಚು ಬಿದ್ದಿರಬಹುದು. ಉಗುರು ಹಾಕಿ ನೋಡಿದಳು. ಉಗುರಿಗೆ ಏನೂ ಸಿಗಲಿಲ್ಲ. ಆದರೆ ಉಗುರಿಗೂ ವಯಸ್ಸಾಗಿರುತ್ತದೆ.

ಊರ ಕಮ್ಮಾರ ತಮಂಚಾ ತಿರುಗಿಸಿ ನೋಡಿ, ಹಿತ್ತಾಳೆ ಪಟ್ಟಿಯನ್ನು ಬೆರಳಲ್ಲಿ ತಟ್ಟಿ ಹೇಳಿದ್ದು ಒಂದೇ ಮಾತು: “ಇನ್ನೊಂದು ಸಲ ಹಿಂಗ ಒದ್ರ ಹಣಿ ಅಲ್ಲ, ಬೆರಳು ಹೋಗ್ತಾವ.”

“ಶಹಾಪುರದ ಪತ್ತಾರನ ಹತ್ರ ಈ ಕೊಂಬಿನ ಅಳತಿ ತೂಗಿಸಿಕೊಂಡು ಬರೂ ತನಕ ಹಾರಿಸಬ್ಯಾಡಪ್ಪ,” ಎಂದಳು ಅಂಬವ್ವ.

“ಮರಿ ಹಾಕೂ ಕಾಲ. ತೋಳ ಬಂದ್ರ, ನಮ್ಮವ್ವ ಶಹಾಪುರಕ್ಕ ಹೋಗ್ಯಾಳ, ನಾಳಿ ಬಾ ಅನ್ಲೇನು?”

ತಮಂಚಾ ಸೊಂಟಕ್ಕೆ ಸಿಗಿಸಿ, ಚೀಲ ಹೆಗಲಿಗೆ ಹಾಕಿ, ಕಂಬಳಿ ಕೊಡವಿ ಅವನು ನಡೆದುಬಿಟ್ಟ. ಕುರಿಗಳು ಗೋಗಿಯ ಆಚೆ, ಭಗವಂತರಾಯರ ಹೊಲದಲ್ಲಿ ಗೊಬ್ಬರಕ್ಕೆಂದು ತಂಗಿದ್ದವು.

ಮರುದಿನ ಬೆಳಿಗ್ಗೆ ಶಹಾಪುರಕ್ಕೆ ಹೊರಟ ಬಂಡಿಗಾಗಿ ಅತ್ತೆ ಸೊಸೆ ಕಾಯುತ್ತಿರುವಾಗ ಪಕ್ಕದ ಮನೆಯ ಶೇಖಮ್ಮ ಮೊರ ಹಿಡಿದು ಬಂದಳು. ಐದು ಸೇರು ಜೋಳ ಬೇಕಾಗಿತ್ತು, ಸುಗ್ಗಿಗೆ ತಿರುಗಿ ಕೊಡುವಳು. ರೇಣಮ್ಮ ಒಳಗೆ ಹೋಗಿ ಸೇರು ತಂದಳು.

“ಲಾಭ,” ಎಂದು ಮೊದಲ ಸೇರು ಸುರಿದಳು. ಅಳೆಯುವಾಗ ಒಂದು ಎನ್ನುವುದಿಲ್ಲ. “ಎರಡು… ಮೂರು… ನಾಕು… ಐದು.” ಐದರ ಮೇಲೆ ಒಂದು ಹಿಡಿ ಕಾಳು ಮೊರಕ್ಕೆ ಬಿದ್ದ ಸಪ್ಪಳ ಅಂಬವ್ವನ ಕಿವಿಗೆ ಬಂತು.

“ನಿಮ್ಮ ಮನಿ ಸೇರು ಅಂದ್ರ ಸೇರು ನೋಡವ್ವ,” ಎಂದಳು ಶೇಖಮ್ಮ. “ಬ್ಯಾರೆ ಮನ್ಯಾಗ ಬೆರಳು ಒಳಗಿಟ್ಟು ಅಳೀತಾರ.”

“ಅಳತಿ ಕೈಯಾಗ ಇರತದ, ಸೇರಿನ್ಯಾಗ ಇರೂದಿಲ್ಲ,” ಎಂದು ಅಂಬವ್ವ ನಕ್ಕಳು. ಅವಳ ಮನೆ ದೊಡ್ಡದೇನಲ್ಲ; ಆದರೆ ಐದು ಸೇರಿಗೊಂದು ಹಿಡಿ ಕೊಸರಿಲ್ಲದೆ ಅಳೆಯದ ಮನೆ ಎಂಬ ಹೆಸರಿತ್ತು.

ಶಹಾಪುರದ ಪತ್ತಾರ ಮೋನಪ್ಪ ಅಂಬವ್ವನ ತಾಳಿ ಮಾಡಿದವನ ಮಗ. ಅವನಿಗೂ ಈಗ ಮೀಸೆ ನೆರೆತಿತ್ತು. ಅಗ್ಗಿಷ್ಟಿಕೆಯ ಕೆಂಡವನ್ನು ಊದುತ್ತ ಕೂತಿದ್ದವನು, ರೇಣಮ್ಮನ ಕೈಯ ತಗಡಿನ ಡಬ್ಬಿಯಲ್ಲಿ ಏನಿದೆ ಎಂದು ಕೇಳಿ, ಉತ್ತರ ಬಂದದ್ದೇ ಊದುಗೊಳವೆ ಕೈಬಿಟ್ಟ.

“ಏ ಅಂಬಕ್ಕ! ಕೆಂಡದ ಮುಂದ ಮದ್ದು ತಂದು ಕುಂತೀದಿ! ನಿಮ್ಮಪ್ಪ ನಮ್ಮಪ್ಪ ಜಗಳ ಮಾಡಿದ್ರೇನು? ಹೊರಗ ನಡಿ, ಮೊದಲು ಹೊರಗ ನಡಿ!”

“ಹೊರಗ ಗಾಳಿ ಅದಲ್ಲೋ ಮೋನಪ್ಪ. ಗಾಳ್ಯಾಗ ನಿನ್ನ ತಕ್ಕಡಿ ಕುಣೀತದ.”

“ಕುಣೀಲಿ. ನಾ ಮ್ಯಾಲಕ್ಕ ಹಾರೂದಕ್ಕಿಂತ ತಕ್ಕಡಿ ಕುಣಿಯೋದು ಪಾಡು.”

ಕೊನೆಗೆ ಹಿತ್ತಲಿನ ದನದ ಕೊಟ್ಟಿಗೆಯೇ ಗತಿಯಾಯಿತು. ಮೂರು ಕಡೆ ಗೋಡೆ; ನಾಲ್ಕನೆಯ ಕಡೆ ಮೋನಪ್ಪ ಕಂಬಳಿ ಕಟ್ಟಿದ. ಎಮ್ಮೆಯೊಂದು ಮೆಲುಕು ಹಾಕುತ್ತ ಇವರನ್ನೇ ನೋಡುತ್ತಿತ್ತು. ಮೋನಪ್ಪ ಬೀಡಿಯನ್ನು ಕಿವಿಯಿಂದ ತೆಗೆದು ಮನೆಯೊಳಗಿಟ್ಟು ಬಂದ. ತೊಲೆಯಿಂದ ದಾರ ಇಳಿಬಿಟ್ಟು ಸಣ್ಣ ತಕ್ಕಡಿ ತೂಗುಹಾಕಿ, ಗುಲಗಂಜಿಯ ಚೀಲ ಬಿಚ್ಚಿದ. ಸಾವಿರ ಕಾಳಿನಲ್ಲಿ ಆರಿಸಿದ, ಒಂದರ ಹಾಗೆ ಒಂದಿದ್ದ ಗುಲಗಂಜಿಗಳು.

“ಮೊದಲು ನನ್ನ ತಕ್ಕಡಿ ಖರೇ ಅದೇನು ನೋಡಬೇಕು. ಇಲ್ಲಂದ್ರ ಕಳ್ಳನ ಕೈಯಾಗ ಕಳ್ಳನ ಪಂಚಾಯ್ತಿ,” ಎಂದು ಈ ತಟ್ಟೆಯಲ್ಲಿ ಹತ್ತು, ಆ ತಟ್ಟೆಯಲ್ಲಿ ಹತ್ತು ಗುಲಗಂಜಿ ಇಟ್ಟು ನೋಡಿದ. ಮುಳ್ಳು ನಟ್ಟನಡುವೆ ನಿಂತಿತು. ಈಚಿನವನ್ನು ಆಚೆಗೆ, ಆಚಿನವನ್ನು ಈಚೆಗೆ ಹಾಕಿದ. ಮುಳ್ಳು ಅಲುಗಲಿಲ್ಲ. “ಹಾಂ. ಈಗ ಸುರಿ.”

ಅಂಬವ್ವ ಕೊಂಬು ತೆಗೆದುಕೊಂಡಳು. ಡಬ್ಬಿಯಲ್ಲಿ ಅದ್ದಿ ತುಂಬಿದಳು. ಹೆಬ್ಬೆರಳಿನ ಉಗುರಿಗೆ ಎರಡು ಸಲ ತಟ್ಟಿದಳು. ಮೂರಲ್ಲ, ಎರಡೇ. ಕೋಳಿಯ ಪುಕ್ಕದಿಂದ ಬಾಯಿ ಸವರಿ ಹೆಚ್ಚಿನದನ್ನು ಡಬ್ಬಿಗೇ ಬೀಳಿಸಿದಳು. ಆಮೇಲೆ ತಟ್ಟೆಗೆ ಬೋರಲು ಹಾಕಿ ಕೊಂಬಿನ ಬೆನ್ನಿಗೆ ಒಂದು ಸಲ ಹೊಡೆದಳು. ಕಣ್ಣು ಇದ್ದಾಗಲೂ ಆಕೆ ಇದನ್ನು ನೋಡಿ ಮಾಡಿದವಳಲ್ಲ.

“ಹದಿನಾರು,” ಎಂದ ಮೋನಪ್ಪ.

ತಟ್ಟೆ ಬರಿದು ಮಾಡಿ ಮತ್ತೆ.

“ಹದಿನಾರು.”

ಮತ್ತೆ.

“ಹದಿನಾರಕ್ಕ ಒಂದು ಎಳಿ ಕಮ್ಮಿ. ಇಲ್ಲ, ತಡಿ, ಎಮ್ಮಿ ಉಸುರು ಬಿಡ್ತು. ಹದಿನಾರು.”

ಹತ್ತು ಸಲ ಅಳೆದರು. ಹತ್ತರಲ್ಲಿ ಒಂದು ಮಾತ್ರ ಅರ್ಧ ಗುಲಗಂಜಿ ಮೇಲಾಯಿತು. ಹತ್ತನ್ನೂ ಕೂಡಿಸಿ ತೂಗಿದರೆ ನೂರಾ ಅರವತ್ತಕ್ಕೆ ಮುಳ್ಳು ಸ್ವಲ್ಪ ತಲೆ ಬಾಗಿಸಿತು, ಅಷ್ಟೇ.

“ಅಂಬಕ್ಕ, ನಿನ್ನ ಗಂಡ ಕುರಿ ಕಾಯೂದು ಬಿಟ್ಟು ನನ್ನ ಕಸಬು ಹಿಡಿಬೇಕಾಗಿತ್ತು,” ಎಂದ ಮೋನಪ್ಪ. “ಈ ಕೊಂಬಿನ್ಯಾಗ ಐಬಿಲ್ಲ.”

ಅಂಬವ್ವ ಕೊಂಬನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಳು. ನಿನ್ನೆಯಿಂದ ಎದೆಯ ಮೇಲಿದ್ದ ಕಲ್ಲೊಂದು ಇಳಿದಂತಾಯಿತು. ಇಳಿದ ಜಾಗಕ್ಕೆ ಇನ್ನೊಂದು ಬಂದು ಕೂತಿತು. ಮದ್ದಿನದು ತಪ್ಪಿಲ್ಲ, ಕೊಂಬಿನದು ತಪ್ಪಿಲ್ಲ. ಹಾಗಾದರೆ?

ಮೋನಪ್ಪ ಕೇಳಿಯೇಬಿಟ್ಟ. “ಮಗನ ಪುಡಿಕಿ ಕಟ್ಟಿದ ಕೈ ಯಾವುದು?”

ರೇಣಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದು ಕೂತಳು. ಅತ್ತೆಯ ಕೈಯಿಂದ ಕೊಂಬು ತೆಗೆದುಕೊಂಡಳು. ಅವಳ ಬಳೆಯ ಸಪ್ಪಳದಿಂದಲೇ ಅಂಬವ್ವನಿಗೆ ಎಲ್ಲ ತಿಳಿಯುತ್ತಿತ್ತು: ಅದ್ದಿದಳು, ಎರಡು ಸಲ ತಟ್ಟಿದಳು, ಪುಕ್ಕ ಸವರಿದಳು. “ಲಾಭ,” ಎಂದಳು ಮೆಲ್ಲಗೆ.

“ಹದಿನಾರು,” ಎಂದ ಮೋನಪ್ಪ.

ಎರಡು, ಹದಿನಾರು. ಮೂರು, ಹದಿನಾರು. ನಾಲ್ಕೂ ಹದಿನಾರೇ. ಅಂಬವ್ವ ಉಸಿರು ಬಿಟ್ಟಳು. ಹುಡುಗಿಯ ಕೈ ಗಟ್ಟಿ. ಹೇಳಿಕೊಟ್ಟದ್ದು ವ್ಯರ್ಥವಾಗಿಲ್ಲ.

“ಐದು,” ಎಂದಳು ರೇಣಮ್ಮ. ಕೊಂಬು ತಟ್ಟೆಗೆ ಬೋರಲಾಯಿತು. ಅದಾದ ಮೇಲೆ ಅಂಬವ್ವನ ಕಿವಿಗೆ ಒಂದು ಸಣ್ಣ ಸಪ್ಪಳ ಬಂತು. ತಗಡಿಗೆ ಉಗುರು ತಾಗಿದ ಸಪ್ಪಳ.

“ಹತ್ತೊಂಬತ್ತು!” ಮುಳ್ಳನ್ನೇ ನೋಡುತ್ತಿದ್ದ ಮೋನಪ್ಪ ತಲೆ ಎತ್ತಿದ. “ಇದೇನು? ಹತ್ತೊಂಬತ್ತು ಮೀರಿ ಅದ!”

“ರೇಣವ್ವ,” ಎಂದಳು ಅಂಬವ್ವ. “ಕೊಂಬು ಬೋರಲು ಹಾಕಿದ ಮ್ಯಾಲ ಡಬ್ಬಿಗೆ ಯಾಕ ಕೈ ಹಾಕಿದಿ?”

“ಕೊಸರು ರೀ ಅತ್ತಿ.”

“ಏನು?”

“ಐದಕ್ಕೊಂದು ಚಿಟಿಕಿ ಕೊಸರು ಹಾಕಿನ್ರಿ.”

ಮೋನಪ್ಪ ಮೊದಲು ಬಾಯಿ ತೆರೆದ, ಆಮೇಲೆ ತೊಡೆ ತಟ್ಟಿ ನಕ್ಕ. “ಅಯ್ಯ ನನ್ನವ್ವ! ಮದ್ದಿಗೆ ಕೊಸರು! ನಾನೂ ನಾಳೆಯಿಂದ ಬಂಗಾರಕ್ಕ ಕೊಸರು ಹಾಕ್ತೀನಿ, ಊರೆಲ್ಲ ನನ್ನ ಹೆಸರು ಹೇಳ್ತದ!”

ಅಂಬವ್ವ ನಗಲಿಲ್ಲ. “ಜೋಳಕ್ಕ ಹಾಕೂದು ಖರೇ. ಮದ್ದಿಗೆ ಯಾರು ಹೇಳಿದ್ರು ನಿನಗ?” ಅವಳ ದನಿ ತಾನಾಗಿಯೇ ಏರಿತು.

ರೇಣಮ್ಮ ಕೊಂಬನ್ನು ಮೆಲ್ಲಗೆ ಕೆಳಗಿಟ್ಟಳು. ಎಮ್ಮೆ ಬಾಲ ಬೀಸಿತು. “ನೀವ ಹೇಳಿದ್ರಲ್ರಿ,” ಎಂದಳು. “ನಾ ಬಂದ ವರ್ಷ, ಸುಗ್ಗ್ಯಾಗ, ಕೂಲಿಯವರಿಗೆ ಜೋಳ ಅಳದು ಕೊಟ್ಟಾಗ. ಎಲ್ಲರ ಮುಂದ ಅಂದ್ರಿ, ನಮ್ಮ ಮನ್ಯಾಗ ಕೊಸರಿಲ್ಲದ ಯಾವುದನ್ನೂ ಅಳೀಬ್ಯಾಡ, ಅಳದ್ರ ನಿನ್ನ ತವರಿಗೆ ಕಳಸ್ತೀನಿ ಅಂತ. ಮತ್ತ… ಹೊರಗಿನವರಿಗೆ ಕೊಸರು ಹಾಕಿ, ಮನಿಯವರಿಗೆ ಬೋಳು ಅಳತಿ ಹ್ಯಾಂಗ ಕಟ್ಟೂದು ಅನಿಸ್ತು.”

ಅಂಬವ್ವನಿಗೆ ಆ ಸುಗ್ಗಿ ನೆನಪಾಯಿತು. ಕಣದಲ್ಲಿ ಹತ್ತು ಜನ ಕೂಲಿಯವರು, ಮೊರ ಹಿಡಿದು ನಿಂತ ಹೆಂಗಸರು, ಹೊಸ ಸೀರೆಯ ಸೊಸೆ. ತಾನು ಗದರಿದ್ದು, ಗದರಿದ ಮೇಲೆ ಹೆಂಗಸರು ತನ್ನ ಕಡೆ ನೋಡಿದ್ದು, ಅದರಿಂದ ತನಗಾದ ಸಂತೋಷ ಎಲ್ಲ ನೆನಪಾಯಿತು. ಯಾವುದನ್ನೂ ಎಂದಿದ್ದಳು. ಹೌದು, ಹಾಗೆಯೇ ಎಂದಿದ್ದಳು. ಮದ್ದು ಹೇಗೆ ತುಂಬಬೇಕು, ಎಷ್ಟು ಸಲ ತಟ್ಟಬೇಕು, ಪುಕ್ಕ ಹೇಗೆ ಹಿಡಿಯಬೇಕು ಎಲ್ಲ ಹೇಳಿಕೊಟ್ಟಿದ್ದಳು. ಕೊಸರು ಬೇಡ ಎಂದು ಮಾತ್ರ ಹೇಳಿರಲಿಲ್ಲ. ಹೇಳಬೇಕಾದೀತು ಎಂದು ಹೊಳೆದೇ ಇರಲಿಲ್ಲ.

“ಅವರ ಹಣಿ ಒಡದದ್ದು ನನ್ನ ಕೈಯಿಂದ ಏನ್ರಿ?” ರೇಣಮ್ಮನ ದನಿ ಈಗ ಒಡೆಯಿತು.

“ನಿನ್ನ ಕೈ, ನನ್ನ ಬಾಯಿ,” ಎಂದಳು ಅಂಬವ್ವ. “ಎದ್ದೇಳು. ಅಳೂದು ಆಮ್ಯಾಲ. ಚೀಲದಾಗ ಇನ್ನೂ ಇಪ್ಪತ್ತು ಅದಾವ.”

ಮೋನಪ್ಪನ ನಗು ನಿಂತಿತು. ಇಪ್ಪತ್ತರಲ್ಲಿ ನಾಲ್ಕು. ದಾರ ಹರಿದು ಕಲಸಿದ ಪುಡಿಕೆಗಳು. ಯಾವುದು ಯಾವುದೆಂದು ಗುರುತಿಲ್ಲ. ಅವನು ತಕ್ಕಡಿ ಬಿಚ್ಚುವ ಮೊದಲೇ ಕಂಬಳಿ ಸರಿಸಿ ದಾರಿ ಬಿಟ್ಟ. “ಏನು ಕೊಡ್ಲೋ ನಿನಗ?” ಎಂದು ಅಂಬವ್ವ ಕೇಳಿದರೆ, “ಮುಂದಿನ ಸಲ ಬರೂವಾಗ ಒಂದು ಕಂಬಳಿ ನೂಲು ತಾ. ಈಗ ನಡಿ ನಡಿ,” ಎಂದ.

ಬೆಳಗಿನ ಬಂಡಿ ಸಂತೆ ಮುಗಿಸಿ ಹೊರಡುವುದು ಇನ್ನೂ ತಡವಿತ್ತು. ಇಬ್ಬರೂ ನಡೆದರು. ಮಸುಕು ಕಣ್ಣಿನ ಅತ್ತೆ ಸೊಸೆಯ ಹೆಗಲು ಹಿಡಿದಿದ್ದಳು. ಆದರೆ ಹೆಜ್ಜೆಯ ಓಟ ಅತ್ತೆಯದೇ. ದಾರಿಯಲ್ಲಿ ಕಡಲೆ ಹೊಲದವರು ಕರೆದು, “ಎಲ್ಲಿಗೆ? ಯಾಕ ಇಷ್ಟು ಅವಸರ?” ಎಂದರು. “ಕುರಿ ಕಡೆ,” ಎಂದು ಅಂಬವ್ವ ನಿಲ್ಲದೆ ನಡೆದಳು. ಗೋಗಿಯ ಗುಡ್ಡ ಕಂಡಿತೆಂದು ರೇಣಮ್ಮ ಹೇಳುವಷ್ಟರಲ್ಲಿ ಹೊತ್ತು ಇಳಿದಿತ್ತು. ಮುಖದ ಮೇಲಿನ ಬಿಸಿಲು ತಣ್ಣಗಾದದ್ದು ಅಂಬವ್ವನಿಗೂ ತಿಳಿಯಿತು.

ಭಗವಂತರಾಯರ ಹೊಲ ಇನ್ನು ಎರಡು ಕೂಗಳತೆ ಇರುವಾಗ ಢಮ್ಮೆಂದಿತು.

ಇಬ್ಬರೂ ನಿಂತರು. ಗುಡ್ಡದಿಂದ ಆ ಸಪ್ಪಳ ತಿರುಗಿ ಬಂತು. ನಾಯಿಗಳು ಬೊಗಳಿದವು. ರೇಣಮ್ಮ ಅತ್ತೆಯ ಕೈ ಬಿಡಿಸಿಕೊಂಡು ಓಡಿದಳು. ಅಂಬವ್ವ ಕೋಲೂರಿ, ಎಡವಿ, ಬದುವಿನ ಮೇಲೆ ಕೈಯೂರಿ ಎದ್ದು, ಕುರಿಯ ವಾಸನೆ ಹಿಡಿದು ನಡೆದಳು.

“ಏ, ಏನಾತು? ಯಾಕ ಹಿಂಗ ಓಡಿ ಬಂದ್ರಿ? ಯಾರರೆ ಸತ್ತಾರೇನು?” ಮರಿಲಿಂಗಪ್ಪನ ದನಿ ಎಂದಿನಂತೆಯೇ ಇತ್ತು. “ತೋಳ ಬದುವಿಗೆ ಬಂದಿತ್ತು. ಒಂದು ಹಾರಿಸಿದೆ. ಓಡಿತು.”

ಅಂಬವ್ವ ಅವನ ಬಲಗೈ ಹಿಡಿದುಕೊಂಡಳು. ಹೆಬ್ಬೆರಳು ಮುಟ್ಟಿ “ಲಾಭ” ಎಂದಳು. ಆಮೇಲೆ ಒಂದೊಂದಾಗಿ, “ಎರಡು, ಮೂರು, ನಾಕು, ಐದು.” ಮದ್ದಿನ ಮಸಿ ಅವಳ ಬೆರಳಿಗೂ ಹತ್ತಿತು.

“ಅವ್ವಗ ತಲಿ ಕೆಟ್ಟದೇನು?” ಎಂದು ಅವನು ಹೆಂಡತಿಯನ್ನು ಕೇಳಿದ. ಹೆಂಡತಿ ಅಳುತ್ತಿದ್ದಳು.

ಎಲ್ಲ ಕೇಳಿದ ಮೇಲೆ ಮರಿಲಿಂಗಪ್ಪ ಚೀಲವನ್ನು ಹೆಗಲಿನಿಂದ ಇಳಿಸಿ ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಸ್ವಲ್ಪ ಹೊತ್ತಿಗೆ ನಗೆ ಬಂತು. ಹಣೆ ಮುಟ್ಟಿಕೊಂಡು, “ಇದು ಕೊಸರೇನು? ನಾ ತಮಂಚಾದ ಸಿಟ್ಟು ಅಂತ ತಿಳದಿದ್ದೆ,” ಎಂದ. ರೇಣಮ್ಮ ತಲೆ ಎತ್ತಲಿಲ್ಲ. “ಇರ್ಲಿ ಬಿಡು, ಏ. ಊರಾಗ ಎಲ್ಲರ ಹೆಂಡಂದಿರೂ ಕಮ್ಮಿ ಅಳೀತಾರಂತ ಗಂಡಂದಿರು ಬೈತಾರ. ನನ್ನ ನಸೀಬು ಬ್ಯಾರೆ.”

ಕುರಿಗಾರರ ಬೆಂಕಿಯಿಂದ ದೂರ, ಬದುವಿನ ಮರೆಯಲ್ಲಿ ಕಂಬಳಿ ಹಾಸಿದರು. ಪಡುವಣದಲ್ಲಿ ಇನ್ನೂ ಬೆಳಕಿತ್ತು. ಹತ್ತೊಂಬತ್ತು ಪುಡಿಕೆ ಸಾಲಾಗಿ ಇಟ್ಟರು.

“ನೀ ಕೈಯಾಗ ಹಿಡದ್ರ ಗೊತ್ತಾಗತದಲ್ಲ ಯವ್ವಾ. ಭಾರದವು ನಾಕು ತೆಗಿ. ಉಳದದ್ದು ನಾ ಇಟ್ಕೋತೀನಿ.”

ಅಂಬವ್ವ ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡಿದಳು. ನಾಲ್ಕನ್ನು ಬೇರೆ ಇಟ್ಟಳು. ಕೈ ಖಚಿತವಾಗಿ ಹೇಳುತ್ತಿತ್ತು, ಇವೇ ಎಂದು. ಮರಿಲಿಂಗಪ್ಪ ಉಳಿದವನ್ನು ಚೀಲಕ್ಕೆ ತುಂಬಲು ಕೈ ಚಾಚಿದ.

“ತಡಿ,” ಎಂದಳು ಆಕೆ. “ಎಲ್ಲಾ ಬಿಚ್ಚು. ಹತ್ತೊಂಬತ್ತೂ.”

“ಕೈ ಮ್ಯಾಲ ನಂಬಿಗಿ ಇಲ್ಲೇನು?”

“ಇವತ್ತಿಗೆ ಇಲ್ಲ.”

ಒಂದೊಂದನ್ನೂ ಬಿಚ್ಚಿ ಕೊಂಬಿಗೆ ಸುರಿದು ಅಳೆದರು. ಬೇರೆ ಇಟ್ಟ ನಾಲ್ಕರಲ್ಲಿ ಮೂರು ಪುಡಿಕೆ ಕೊಂಬು ತುಂಬಿದ ಮೇಲೂ ಕಾಗದದ ಮೇಲೆ ಚಿಟಿಕೆಯಷ್ಟು ಉಳಿಸಿದವು. ನಾಲ್ಕನೆಯದು ಸರಿಯಾಗಿಯೇ ಇತ್ತು. ಅದರ ಕಾಗದ ದಪ್ಪ, ಅಷ್ಟೇ. ಕೊಸರಿನ ನಾಲ್ಕನೆಯ ಪುಡಿಕೆ ಸಿಕ್ಕಿದ್ದು ಒಳ್ಳೆಯವೆಂದು ಬಿಟ್ಟ ಹದಿನೈದರಲ್ಲಿ, ಹನ್ನೊಂದನೆಯದಾಗಿ. ಮರಿಲಿಂಗಪ್ಪ ಅದನ್ನು ನೋಡಿದ, ತನ್ನ ಕೈ ನೋಡಿಕೊಂಡ. ಹೆಚ್ಚಾದ ನಾಲ್ಕು ಚಿಟಿಕೆಯನ್ನು ಅವನು ಹಸಿ ಮಣ್ಣಿನಲ್ಲಿ ತಿಕ್ಕಿ ಕಳೆದ.

ಅಳೆದದ್ದೆಲ್ಲ ಡಬ್ಬಿಗೆ ಹೋಗಿತ್ತು; ಇನ್ನು ಮತ್ತೆ ಕಟ್ಟುವ ಕೆಲಸ. ಅಂಬವ್ವ ಕೊಂಬನ್ನು ಸೊಸೆಯ ಕಡೆ ಚಾಚಿದಳು. ರೇಣಮ್ಮ ಕೈ ಹಿಂದೆಳೆದುಕೊಂಡಳು.

“ನೀವ ಅಳೀರಿ ಅತ್ತಿ. ನನಗ ಅಂಜಿಕಿ ಬರ್ತದ.”

“ಅಂಜಿಕಿ ಇದ್ದ ಕೈನ ಬೇಕು ಇದಕ್ಕ. ಹಿಡಿ. ನೀ ಅಳಿ, ನಾ ಎಣಸ್ತೀನಿ.”

ಕೊಂಬು ಡಬ್ಬಿಗೆ ಅದ್ದಿದ ಸಪ್ಪಳ. ಉಗುರಿಗೆ ಎರಡು ಸಲ. ಪುಕ್ಕ ಸವರಿದ್ದು. ಕಾಗದ ಮಡಿಚಿದ್ದು.

“ಲಾಭ,” ಎಂದಳು ಅಂಬವ್ವ.

ಹಟ್ಟಿಯ ಕಡೆಯಿಂದ ತಾಯಿ ಹುಡುಕುವ ಮರಿಗಳ ಕೂಗು ಬರುತ್ತಿತ್ತು. ಮರಿಲಿಂಗಪ್ಪ ದಾರ ಹರಿದು ಹರಿದು ಕೊಡುತ್ತಿದ್ದ. ಎರಡಾಯಿತು, ಮೂರಾಯಿತು, ನಾಲ್ಕಾಯಿತು.

ಐದನೆಯದು. ಕೊಂಬು ತುಂಬಿತು. ಉಗುರಿಗೆ ಎರಡು ಸಲ. ಪುಕ್ಕ ಬಾಯಿ ಸವರಿತು. ಕೊಂಬು ಕಾಗದದ ಮೇಲೆ ಬೋರಲಾಯಿತು, ಬೆನ್ನಿಗೆ ಒಂದು ಪೆಟ್ಟು. ಅಂಬವ್ವ ಕಿವಿಗೊಟ್ಟು ಕೂತಳು. ಬಳೆ ಒಮ್ಮೆ ಅಲುಗಿತು, ಡಬ್ಬಿಯ ಕಡೆಗೆ, ಅಲ್ಲೇ ನಿಂತಿತು. ತಗಡಿಗೆ ಉಗುರು ತಾಗಲಿಲ್ಲ. ಆಮೇಲೆ ಕಾಗದ ಮಡಿಚುವ ಸರಪರ ಸಪ್ಪಳ ಕೇಳಿತು.

“ಐದು,” ಎಂದಳು ಅಂಬವ್ವ. ಮತ್ತೆ ಕೊಂಬು ಅದ್ದುವ ಸಪ್ಪಳ ಬರುವ ತನಕ ಕಾದು, “ಆರಕ್ಕ ಕೈ ಹಚ್ಚು,” ಎಂದಳು.